ನೀರಿನಾಚೆ ಒಂದು ಬಾಡಿಗೆಯ ಮನೆ

ಕುಪ್ಪಳ್ಳಿಯ ಕವಿಮನೆಯನ್ನು ನೋಡಲು ಬರುವ ಪಟ್ಟಣದ ಸಂಸಾರಗಳಲ್ಲಿ ಒಂದು ಆಸೆ ಹುಟ್ಟದೆ ಇರುವುದು ಅಪರೂಪ. ಮೂರು ಅಂತಸ್ತಿನ ಆ ಮನೆಯ ಒಳ ಅಂಗಳ, ಸುತ್ತಿನ ಜಗಲಿ, ಮರದ ಕಂಬಗಳು, ಹಳೆಯ ಪಾತ್ರೆಪಡಗ ಎಲ್ಲವನ್ನೂ ಕಣ್ತುಂಬ ನೋಡಿ ಹೊರಬಂದ ಗೃಹಿಣಿ, “ಇಂಥದೊಂದು ಮನೆಯಲ್ಲಿ ನಾಲ್ಕು ದಿನ ನಾವೇ ಬೇಯಿಸಿಕೊಂಡು ಇರುವಂತಿದ್ದರೆ!” ಎನ್ನುತ್ತಾಳೆ, ಯಜಮಾನರು ಮಕ್ಕಳ ರಜೆಯ ಲೆಕ್ಕ ಹಾಕತೊಡಗುತ್ತಾರೆ. ಕುವೆಂಪು ಅವರು ಬಾಲ್ಯವನ್ನು ಕಳೆದ ಆ ಮನೆ ಈಗ ವಸ್ತುಸಂಗ್ರಹಾಲಯ; ಅಲ್ಲಿ ಒಲೆ ಹೊತ್ತಿಸುವಂತಿಲ್ಲ. ಆದರೆ ತೀರ್ಥಹಳ್ಳಿಯಿಂದ ಉತ್ತರದತ್ತ, ಹೊಸನಗರವನ್ನು ದಾಟಿ ಸಾಗರದ ಸೀಮೆಯನ್ನು ಹೊಕ್ಕರೆ ಆ ಆಸೆ ಈಡೇರುವ ದಾರಿಯುಂಟು. ಅದು ಶರಾವತಿಯ ಹಿನ್ನೀರಿನ ಆಚೆಗಿನ ತುಮರಿಯ ಕಡೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿಯ ಕಣಿವೆ ತುಂಬಿ, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ಮೂರು ಕಡೆ ನೀರಿನಿಂದ ಆವೃತವಾದ ತುಮರಿಯ ಸೀಮೆಯನ್ನು ಜನ ‘ದ್ವೀಪ’ವೆಂದೇ ಕರೆದರು. ಭೂಗೋಳದ ಮೇಷ್ಟರು ಇದನ್ನು ಒಪ್ಪಲಾರರು. ನಾಲ್ಕನೆಯ ಕಡೆ ಘಟ್ಟದ ಕಾಡಿದೆ, ನಿಟ್ಟೂರಿನ ಮೇಲೆ ಸುತ್ತಿಬರುವ ರಸ್ತೆಯೂ ಇದೆ. ಆದರೆ ಸಂಜೆಯ ಕಡೆಯ ಲಾಂಚು ತಪ್ಪಿದವನಿಗೆ ಭೂಗೋಳದ ವ್ಯಾಖ್ಯೆಯಿಂದ ಏನು ಪ್ರಯೋಜನವಿತ್ತು?

ಇಲ್ಲಿ ಮನೆ ಹಿಡಿಯುವ ಕ್ರಮ ಬೆಂಗಳೂರಿನಲ್ಲಿ ಮನೆ ಹಿಡಿಯುವಂತಲ್ಲ. ‘ಹೋಂ ಸ್ಟೇ’ ಎಂದು ಫಲಕ ತೂಗುಹಾಕಿದ ಮನೆಗಳಲ್ಲಿ ಮನೆಯವರು ಇದ್ದೇ ಇರುತ್ತಾರೆ. ಊಟವನ್ನೂ ಅವರೇ ಬಡಿಸುತ್ತಾರೆ. ನೆಂಟರಂತೆ ಬಂದವರು ತಾವೇ ಒಲೆ ಹಚ್ಚುತ್ತೇವೆಂದರೆ ಮಲೆನಾಡಿನ ಮನೆಯೊಡತಿಗೆ ಮೊದಲು ಆಶ್ಚರ್ಯ, ಆಮೇಲೆ ಸ್ವಲ್ಪ ಮುನಿಸು. “ನಮ್ಮ ಅಡಿಗೆ ಸೇರುವುದಿಲ್ಲವೆ?” ಎಂಬ ಪ್ರಶ್ನೆಗೆ ಉತ್ತರವನ್ನು ಸಿದ್ಧಮಾಡಿಕೊಂಡೇ ಹೋಗಬೇಕು. ಬೇರೆ ಅಡಿಗೆಮನೆಯುಳ್ಳ ಬಿಡಾರ ಬೇಕೆಂದು ಮೊದಲೇ ಕೇಳಿ, ಗ್ಯಾಸೋ ಕಟ್ಟಿಗೆಯೋ, ಪಾತ್ರೆ ಎಷ್ಟು, ಕುಡಿಯುವ ನೀರು ಬಾವಿಯದೋ ಗುಡ್ಡದಿಂದ ಇಳಿದು ಬರುವುದೋ, ಎಲ್ಲವನ್ನೂ ವಿಚಾರಿಸಿಕೊಳ್ಳುವುದು ಲೇಸು. ಬೇಳೆ, ಎಣ್ಣೆ, ಕಾಫಿಪುಡಿ, ಔಷಧಗಳನ್ನು ಸಾಗರದ ಪೇಟೆಯಲ್ಲಿಯೇ ಕೊಂಡು ಹೋಗುವುದು ಕ್ಷೇಮ. ಉಳಿದುದಕ್ಕೆ ನೆರೆಮನೆಯುಂಟು: ಮಜ್ಜಿಗೆ ಸಿಕ್ಕರೆ ಹಿತ್ತಿಲಿನ ಒಂದೆಲಗದ ತಂಬುಳಿ, ಭರಣಿಯಲ್ಲಿ ಅಪ್ಪೆಮಿಡಿ. ಇವೆರಡು ಇರುವಲ್ಲಿ ಪಟ್ಟಣದ ಗೃಹಿಣಿ ಪಲ್ಯದ ಚಿಂತೆ ಮಾಡಬೇಕಾಗಿಲ್ಲ. ಬಚ್ಚಲಿನ ಹಂಡೆಯ ಸ್ನಾನವಾದ ಮೇಲಂತೂ ಯಜಮಾನರಿಗೆ ಕಛೇರಿಯ ನೆನಪೇ ಉಳಿಯದು.

ಮಳೆಗಾಲ ಇಲ್ಲಿ ಪಟ್ಟಣಿಗರ ಕಾಲವಲ್ಲ. ಜಿಗಣೆಗಳು (ಅಲ್ಲಿಯವರ ಮಾತಿನಲ್ಲಿ ಉಂಬಳ) ಅತಿಥಿಸತ್ಕಾರವನ್ನು ತಾವೇ ವಹಿಸಿಕೊಳ್ಳುತ್ತವೆ. ಚಳಿಗಾಲ ಸೊಗಸು. ಆದರೆ ಅದೇ ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ ಹರಡಿರುವಾಗ, ರಾತ್ರಿಯವರೆಗೂ ಸುಲಿತ ನಡೆದಿರುವಾಗ, ಮನೆಯವರಿಗೆ ಅತಿಥಿಗಳೊಡನೆ ಹರಟಲು ಬಿಡುವೆಲ್ಲಿ?

ತುಮರಿಯಿಂದ ಸಾಗರದ ಕಡೆ ಒಂದು ದಿನವನ್ನು ಮೀಸಲಿಟ್ಟರೆ ಕೆಳದಿ ಅರಸರ ಎರಡು ರಾಜಧಾನಿಗಳನ್ನು ಕಾಣಬಹುದು. ಸಾಗರದ ಉತ್ತರಕ್ಕೆ ಕೆಳದಿ, ದಕ್ಷಿಣಕ್ಕೆ ಇಕ್ಕೇರಿ. ಎರಡೂ ಹತ್ತು ಕಿಲೋಮೀಟರಿನೊಳಗೆ. ಕೆಳದಿಯಲ್ಲಿ ರಾಮೇಶ್ವರ ದೇವಾಲಯವನ್ನು ಹೊಕ್ಕವರು ಒಳಮಾಡಿನ ಗಂಡಭೇರುಂಡವನ್ನು ನೋಡಲು ಕತ್ತೆತ್ತುತ್ತಾರೆ. ಇಕ್ಕೇರಿಯ ಅಘೋರೇಶ್ವರನ ಸನ್ನಿಧಿಯಲ್ಲಿ ಕಣ್ಣು ನೆಲಕ್ಕಿಳಿಯಬೇಕು. ಅಲ್ಲಿ ಮೂವರು ನಾಯಕರು ಸಾಷ್ಟಾಂಗ ನಮಸ್ಕಾರದಲ್ಲಿ ಕಲ್ಲಿನಲ್ಲಿ ಕೆತ್ತಲ್ಪಟ್ಟು ಮಲಗಿದ್ದಾರೆ. ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತ ಚೆನ್ನಮ್ಮಾಜಿ ಇದೇ ವಂಶದ ರಾಣಿ. ಮೂರನೆಯ ರಾಜಧಾನಿಯಾದ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ, 1763ರಲ್ಲಿ ಹೈದರಾಲಿಯ ಕೈಸೇರಿತು. ಅಲ್ಲಿನ ಕೋಟೆಯನ್ನು ಮರಳುವ ದಾರಿಗೆ ಇಟ್ಟುಕೊಂಡರೆ ಸಾಕು.

ಜಗಲಿಯಲ್ಲಿ ಕುಳಿತು ನೀರಿನ ಸೊಬಗನ್ನು ಹೊಗಳುವ ಅತಿಥಿಗೆ ಮನೆಯ ಹಿರಿಯರು ಕೆಲವೊಮ್ಮೆ ಬೆರಳು ಚಾಚಿ, ಅಜ್ಜನ ಗದ್ದೆ ಇದ್ದ ಜಾಗವನ್ನು ತೋರಿಸುತ್ತಾರೆ. ತೋರಿಸಿದಲ್ಲಿ ಕಾಣುವುದು ನೀರು ಮಾತ್ರ. ಸಾವಿರಾರು ಸಂಸಾರಗಳು ಮನೆ, ತೋಟ, ದೇವರುಗಳನ್ನು ಬಿಟ್ಟೆದ್ದು ಬೇರೆ ಕಾಡುಗಳ ಅಂಚಿಗೆ ಹೋದವು. ಅವರಲ್ಲಿ ಅನೇಕರ ಹಕ್ಕುಪತ್ರದ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ತೀರಿಲ್ಲ. ನಾಡಿಗೆ ವಿದ್ಯುತ್ತನ್ನಿತ್ತ ಈ ನೀರಿನ ದಡದ ಎಷ್ಟೋ ಹಳ್ಳಿಗಳಲ್ಲಿ ಬಹುಕಾಲ ಬುಡ್ಡಿದೀಪವೇ ಉರಿಯಿತು. ರಾತ್ರಿ ಹೆರಿಗೆಯ ನೋವು ಬಂದರೆ ಲಾಂಚಿರಲಿಲ್ಲ; ಕಾಡಿನ ಸುತ್ತುದಾರಿಯೇ ಗತಿಯಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚು ಮೋಟಾರುಗಳನ್ನು ಹತ್ತಿಸಿಕೊಳ್ಳುವುದನ್ನೇ ನಿಲ್ಲಿಸಿದ್ದೂ ಉಂಟು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಸಿಗಂದೂರಿನ ಚೌಡೇಶ್ವರಿಗೆ ಹೋಗುವ ಯಾತ್ರಿಕರು ಕೆಲವೇ ನಿಮಿಷಗಳಲ್ಲಿ ನೀರನ್ನು ದಾಟುತ್ತಾರೆ. ಲಾಂಚಿನ ಸೊಗಸು ಹೋಯಿತೆಂದು ಮರುಗುವವರು ಪಟ್ಟಣದವರು. ತುಮರಿಯ ತಾಯಂದಿರಲ್ಲಿ ಹಾಗೆ ಮರುಗುವವರನ್ನು ಹುಡುಕಬೇಕು. ಆದರೆ ಸೇತುವೆಯ ಮೇಲೆ ಅಂಬುಲೆನ್ಸಿನೊಡನೆ ನಿವೇಶನ ಹುಡುಕುವವರೂ ಬರುತ್ತಾರೆ. ಬಾಡಿಗೆಯ ಹಣ ಜಗಲಿಯಲ್ಲಿ ಕುಳಿತ ಆ ಹಿರಿಯರ ಮನೆಗೆ ಸಲ್ಲುವುದೋ, ದೂರದ ಬಂಡವಾಳಗಾರನಿಗೋ ಎಂಬುದು ಇನ್ನು ಮುಂದಿನ ಮಾತು. ಮನೆ ಹಿಡಿಯುವ ಸಂಸಾರ ಮಾತ್ರ ಒಡೆಯರು ಯಾರೆಂದು ಇಂದೇ ಕೇಳಿಕೊಳ್ಳಬಹುದು.

ಮಕ್ಕಳ ತಾಯಂದಿರಿಗೆ ಒಂದು ಎಚ್ಚರಿಕೆ. ಕೊಳದಂತೆ ನಿಶ್ಚಲವಾಗಿ ಕಾಣುವ ಈ ನೀರಿನಡಿ ಮುಳುಗಿದ ಕಾಡಿನ ಮೋಟುಗಳಿವೆ, ಕೆಸರಿದೆ, ಥಟ್ಟನೆ ಇಳಿಯುವ ಹಳೆಯ ಕಣಿವೆಯ ಓರೆಯಿದೆ. ಈಜಲು ಬಿಡಬಾರದು, ಸ್ಥಳೀಯರು ಬೇಡವೆಂದ ತೆಪ್ಪವನ್ನು ಹತ್ತಬಾರದು.

ನೀರು ತೀರ ತಗ್ಗಿದ ಬೇಸಿಗೆಗಳಲ್ಲಿ, ಮಡೆನೂರಿನ ಬಳಿ ಇನ್ನೊಂದು ಸ್ಮಾರಕ ಮೇಲೆದ್ದು ಬರುತ್ತದೆ. 1948ರಲ್ಲಿ ಕಾರ್ಯಾರಂಭ ಮಾಡಿದ ಜೋಗದ ವಿದ್ಯುದಾಗಾರಕ್ಕೆ ನೀರೂಡಿಸಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. ಅನಂತರ ಬಂದ ದೊಡ್ಡ ಅಣೆಕಟ್ಟು ಈ ಚಿಕ್ಕದನ್ನು ನುಂಗಿತು. ಒಣಗಿ ಬಿರುಕುಬಿಟ್ಟ ನೆಲದ ಮೇಲೆ ನಡೆದು ಹೋಗಿ ಜನ ಅದರ ಗೋಡೆಯನ್ನು ಮುಟ್ಟಿ ಬರುತ್ತಾರೆ. ಮಳೆ ಬಲವಾಗಿ ಹಿಡಿದ ಕೆಲವು ವಾರಗಳಿಗೆ ಅದು ಮತ್ತೆ ನೀರಿನ ಕೆಳಗೆ.