ಗಣಕಯಂತ್ರದ ವೇಗವೃದ್ಧಿಯೂ ಬಸ್ಸಿನ ಗತಿಯೂ

ತಯಾರಕರು ನಿಗದಿಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಗಣಕಯಂತ್ರದ ಪ್ರೊಸೆಸರನ್ನು ನಡೆಸುವ ಕ್ರಮಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇದನ್ನು ಹವ್ಯಾಸಿಗಳ ಸಾಹಸವೆಂದು ತಳ್ಳಿಹಾಕುವವರುಂಟು. ಆದರೆ ಯಂತ್ರವು ಕೊಡುವ ಉತ್ತರವನ್ನು ಯಾವ ಆಧಾರದ ಮೇಲೆ ನಂಬಬೇಕೆಂಬ ಪ್ರಶ್ನೆಯು ಇದರಲ್ಲಿ ಅಡಗಿರುವುದರಿಂದ, ದಾಖಲೆಗಳನ್ನು ಗಣಕಯಂತ್ರದಲ್ಲಿಯೇ ಕಾದಿಡುತ್ತಿರುವ ಚರಿತ್ರೆಯ ವಿದ್ಯಾರ್ಥಿಗಳೂ ಇದನ್ನು ಅರಿಯುವುದು ಯುಕ್ತವಾಗಿದೆ.

ಬಸ್ ಎಂಬುದು ಪ್ರೊಸೆಸರು, ಮೆಮೊರಿ ಮೊದಲಾದ ಅಂಗಗಳ ನಡುವೆ ಸಂಕೇತಗಳನ್ನು ಒಯ್ಯುವ ಮಾರ್ಗ. ರಸ್ತೆಯ ಬಸ್ಸಿಗೂ ಇದಕ್ಕೂ ಮೂಲ ಒಂದೇ: ‘ಎಲ್ಲರಿಗಾಗಿ’ ಎಂಬರ್ಥದ ಲ್ಯಾಟಿನ್ ಪದವಾದ ಒಮ್ನಿಬಸ್. ಎಲ್ಲರಿಗೂ ಸೇರಿದ ಮಾರ್ಗದ ಗತಿಯನ್ನು ಒಬ್ಬನಿಗಾಗಿ ಏರಿಸಿದರೆ ಉಳಿದವರ ಗತಿಯೂ ಏರುವುದು ಸಹಜವಷ್ಟೆ.

ಇದಕ್ಕೆ ಉತ್ತಮ ನಿದರ್ಶನವೆಂದರೆ ಇಂಟೆಲ್ ಸಂಸ್ಥೆಯು 1998ರ ಆಗಸ್ಟಿನಲ್ಲಿ ಹೊರತಂದ ಸೆಲೆರಾನ್ 300ಎ. ಅದರ ಬಸ್ಸಿನ ಗತಿ 66 ಮೆಗಾಹರ್ಟ್ಸ್, ಗುಣಕ 4.5, ಆದಕಾರಣ ಪ್ರೊಸೆಸರಿನ ವೇಗ ಸುಮಾರು 300 ಮೆಗಾಹರ್ಟ್ಸ್. ಗುಣಕವನ್ನು ಬದಲಿಸಲಾಗದಂತೆ ಬಂಧಿಸಿದ್ದುದರಿಂದ ಬಸ್ಸಿನ ಗತಿಯನ್ನು ಏರಿಸುವುದೊಂದೇ ಉಪಾಯವಾಗಿತ್ತು. ಅದನ್ನು 100ಕ್ಕೆ ಏರಿಸಿದರೆ ಪ್ರೊಸೆಸರಿನ ವೇಗ 450 ಆಗುತ್ತಿತ್ತು. ಅದೇ ತಿಂಗಳು ಬಂದ, ಬೆಲೆಯಲ್ಲಿ ಬಹಳ ಮೇಲಿದ್ದ ಪೆಂಟಿಯಂ 2ರ ವೇಗವೂ ಅಷ್ಟೇ.

ಇಲ್ಲಿಯೇ ಒಂದು ವೈಚಿತ್ರ್ಯವಿದೆ. ಡಿಸ್ಕಿನ ವ್ಯವಹಾರವೆಲ್ಲ ನಡೆಯುತ್ತಿದ್ದುದು ಪಿಸಿಐ ಎಂಬ ಮತ್ತೊಂದು ಬಸ್ಸಿನ ಮೂಲಕ. ಅದರ ಗತಿ 33 ಇರತಕ್ಕದ್ದು. ಮುಖ್ಯ ಬಸ್ಸು 66ರಲ್ಲಿದ್ದಾಗ ಎರಡರಿಂದಲೂ, 100ರಲ್ಲಿದ್ದಾಗ ಮೂರರಿಂದಲೂ ಭಾಗಿಸಿ ಆ 33ನ್ನು ಪಡೆಯುತ್ತಿದ್ದರು. ನಡುವಣ 83ರಲ್ಲಿ ಸಾಮಾನ್ಯವಾಗಿ ಭಾಜಕ ಎರಡೇ ಉಳಿಯುತ್ತಿದ್ದುದರಿಂದ ಪಿಸಿಐ ಗತಿ 41ನ್ನು ಮೀರುತ್ತಿತ್ತು. ಪ್ರೊಸೆಸರಿಗೆ ದೊರೆಯುತ್ತಿದ್ದುದು 375 ಮಾತ್ರ. ಡಿಸ್ಕಿಗೆ ಒದಗುತ್ತಿದ್ದ ಅಪಾಯವಾದರೋ 450ರಲ್ಲಿ ಇಲ್ಲದಂಥದು! ಹೀಗೆ ಕೆಟ್ಟು ಬರೆಯಲ್ಪಟ್ಟ ಕಡತವು ತಾನು ಕೆಟ್ಟಿದ್ದೇನೆಂದು ಹೇಳುವುದಿಲ್ಲ. ತಿಂಗಳುಗಳ ಅನಂತರ ತೆರೆದಾಗಲೇ ನಷ್ಟವು ಗೊತ್ತಾಗುವುದು.

ಆದ್ದರಿಂದ ಗತಿಯನ್ನು ಊಹಿಸದೆ ಅಳೆಯಬೇಕು. ಬಯಾಸ್ ಪರದೆಯ ಮೇಲೆ ನಾವು ನಮೂದಿಸಿದ ಅಂಕಿಯು ನಮ್ಮ ಆಜ್ಞೆಯೇ ಹೊರತು ಅದು ನೆರವೇರಿತೆಂಬುದಕ್ಕೆ ಸಾಕ್ಷಿಯಲ್ಲ. ಸಿಪಿಯು-ಝಡ್‌ನಂತಹ ತಂತ್ರಾಂಶಗಳು ಗೊತ್ತಾದ ಅವಧಿಯಲ್ಲಿ ಪ್ರೊಸೆಸರಿನ ಮಿಡಿತಗಳನ್ನು ಎಣಿಸಿ, ಗುಣಕದಿಂದ ಭಾಗಿಸಿ, ಬಸ್ಸಿನ ನಿಜವಾದ ಗತಿಯನ್ನು ತೋರಿಸುತ್ತವೆ. ಆ ಅವಧಿಯನ್ನು ಅಳೆಯುವ ಗಡಿಯಾರವು ಸ್ವತಂತ್ರವಾಗಿರಬೇಕೆಂಬುದು ಮುಖ್ಯ. ವಿಂಡೋಸ್ 8ರಲ್ಲಿ, ಯಂತ್ರವು ನಡೆಯುತ್ತಿರುವಾಗಲೇ ಮೂಲಗತಿಯನ್ನು ತಗ್ಗಿಸಿದರೆ ಗಡಿಯಾರವೂ ನಿಧಾನವಾಗಿ, ಯಂತ್ರವು ಇದ್ದುದಕ್ಕಿಂತ ವೇಗವಾಗಿ ತೋರುತ್ತಿತ್ತು. ಇದು ತಿಳಿದ ಮೇಲೆ, ವೇಗದ ದಾಖಲೆಗಳನ್ನಿಡುವ ಹೆಚ್‌ಡಬ್ಲ್ಯೂಬಾಟ್ 2013ರಲ್ಲಿ ಆ ವ್ಯವಸ್ಥೆಯಿಂದ ಬಂದ ಫಲಿತಾಂಶಗಳನ್ನು ನಿರಾಕರಿಸಿತು. ಒಂದೇ ಮೂಲದಿಂದ ನಕಲಾದ ಎರಡು ಪ್ರತಿಗಳು ಎರಡು ಸಾಕ್ಷಿಗಳಲ್ಲವೆಂದು ನಾವು ತರಗತಿಯಲ್ಲಿ ಹೇಳುವುದೂ ಇದನ್ನೇ.

ಇಂಟೆಲ್‌ನ 2011ರ ಎರಡನೆಯ ಪೀಳಿಗೆಯ ಕೋರ್ ಯಂತ್ರಗಳಲ್ಲಿ 100 ಮೆಗಾಹರ್ಟ್ಸ್ ಮೂಲಗತಿಗೆ ಇತರ ಬಸ್ಸುಗಳೂ ಬಂಧಿತವಾಗಿದ್ದು, ನೂರಕ್ಕೆ ಕೆಲವು ಅಂಶಗಳಿಗಿಂತ ಹೆಚ್ಚು ಏರಿಸುವುದು ಅಸಾಧ್ಯಪ್ರಾಯವಾಗಿತ್ತು; ಅಲ್ಲಿ ವೇಗವೃದ್ಧಿಗೆ ಗುಣಕವೇ ಗತಿಯಾಯಿತು.

ಇನ್ನು ಸ್ಥಿರತೆ. ಯಂತ್ರವು ಚಾಲೂ ಆಯಿತೆಂಬುದು ಸ್ಥಿರತೆಯ ಲಕ್ಷಣವಲ್ಲ. ಅವಿಭಾಜ್ಯ ಸಂಖ್ಯೆಗಳ ಶೋಧಕ್ಕಾಗಿ ರಚಿತವಾದ ಪ್ರೈಮ್95, ಉತ್ತರವು ಮೊದಲೇ ಗೊತ್ತಿರುವ ಲೆಕ್ಕಗಳನ್ನು ಗಂಟೆಗಟ್ಟಲೆ ಮಾಡಿಸಿ, ಒಂದು ವ್ಯತ್ಯಾಸ ಕಂಡರೂ ತಪ್ಪನ್ನು ಸಾರುತ್ತದೆ. ಆದರೆ ಅದು ಡಿಸ್ಕನ್ನು ಪರೀಕ್ಷಿಸುವುದಿಲ್ಲ. ಅದಕ್ಕಾಗಿ ದೊಡ್ಡ ಕಡತವೊಂದನ್ನು ಅನೇಕ ಬಾರಿ ನಕಲುಮಾಡಿ, ಪ್ರತಿಯೊಂದನ್ನೂ ಮೂಲದೊಡನೆ ಅಕ್ಷರಶಃ ತಾಳೆನೋಡಬೇಕು. ಬೆಲೆಯುಳ್ಳ ದಾಖಲೆಗಳನ್ನು ಅದಕ್ಕೆ ಮೊದಲೇ ಬೇರೊಂದು ಡಿಸ್ಕಿನಲ್ಲಿ ಭದ್ರಪಡಿಸಿರಬೇಕು.