ಒಂದು ದೇಶ, ಇಬ್ಬರು ಪ್ರಧಾನಿಗಳು



ಒಂದು ದೇಶಕ್ಕೆ ಒಬ್ಬರೇ ಪ್ರಧಾನಿ ಅಂತ ನಾವು ಪೌರನೀತಿ ಪಾಠದಲ್ಲಿ ಓದಿದ್ದೇವೆ. ಆದರೆ ಕಾಂಬೋಡಿಯಾದಲ್ಲಿ 1993ರಿಂದ ಕೆಲವು ವರ್ಷ ಒಟ್ಟಿಗೇ ಇಬ್ಬರು ಪ್ರಧಾನಿಗಳಿದ್ದರು! ಅದು ಯಾಕೆ, ಆಮೇಲೆ ಏನಾಯ್ತು ಅಂತ ಇಲ್ಲಿ ಬರೆಯುತ್ತೇನೆ.

ಭೂಪಟದಲ್ಲಿ ಥಾಯ್ಲೆಂಡ್ ಮತ್ತು ವಿಯೆಟ್ನಾಂ ನಡುವೆ ಈ ಚಿಕ್ಕ ದೇಶ ಕಾಣುತ್ತದೆ. ಪ್ರಸಿದ್ಧ ಅಂಕೋರ್ ವಾಟ್ ದೇವಾಲಯ ಇರುವುದು ಅಲ್ಲೇ. 1975ರಿಂದ 1979ರವರೆಗೆ ಪೋಲ್ ಪಾಟ್‌ನ ಖ್ಮೇರ್ ರೂಜ್ ಆಡಳಿತದಲ್ಲಿ ಹಸಿವು, ರೋಗ, ಕೊಲೆಗಳಿಂದ 15 ಲಕ್ಷಕ್ಕೂ ಹೆಚ್ಚು ಜನ ಸತ್ತರು. ವಿಯೆಟ್ನಾಂ ಸೈನ್ಯ ಬಂದು ಅವರನ್ನು ಓಡಿಸಿದರೂ ಯುದ್ಧ ನಿಲ್ಲಲಿಲ್ಲ. 1991ರ ಪ್ಯಾರಿಸ್ ಒಪ್ಪಂದದಂತೆ ವಿಶ್ವಸಂಸ್ಥೆಯೇ ಮುಂದೆ ನಿಂತು 1993ರ ಮೇ ತಿಂಗಳಲ್ಲಿ ಚುನಾವಣೆ ನಡೆಸಿತು. ಶಾಂತಿಪಡೆಯಲ್ಲಿ ನಮ್ಮ ಭಾರತದ ಸೈನಿಕರೂ ಇದ್ದರು. ಖ್ಮೇರ್ ರೂಜ್‌ನವರು ಹೆದರಿಸಿದರೂ ನೂರಕ್ಕೆ ಸುಮಾರು 90 ಮತದಾರರು ಬಂದು ಓಟು ಹಾಕಿದರು.

ಒಟ್ಟು 120 ಸ್ಥಾನಗಳಲ್ಲಿ ರಾಜಕುಮಾರ ರಣರಿದ್ಧರ ಪಕ್ಷಕ್ಕೆ 58, ಅಲ್ಲಿಯವರೆಗೆ ಆಳುತ್ತಿದ್ದ ಹುನ್ ಸೆನ್ ಅವರ ಪಕ್ಷಕ್ಕೆ 51 ಬಂದವು. ಹಿಂದೆ ಬಿದ್ದವರು ಕುರ್ಚಿ ಬಿಡಲು ಒಪ್ಪಲಿಲ್ಲ. ಸೈನ್ಯ, ಪೊಲೀಸ್, ಹಳ್ಳಿಯ ಅಧಿಕಾರಿಗಳು ಎಲ್ಲಾ ಹೆಚ್ಚಾಗಿ ಅವರ ಕೈಲೇ ಇದ್ದರು. ಕೊನೆಗೆ ರಾಜಿ ಆಯ್ತು. ರಣರಿದ್ಧ ಮೊದಲನೇ ಪ್ರಧಾನಿ, ಹುನ್ ಸೆನ್ ಎರಡನೇ ಪ್ರಧಾನಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅನ್ನೋ ಗಾದೆ ಹಾಗೆ ಆಯ್ತು.

ಇತ್ತ ಜನರ ಕಷ್ಟ ಬೇರೆಯೇ ಇತ್ತು. ಕಾಲಿಟ್ಟರೆ ಸಿಡಿಯುವ ನೆಲಬಾಂಬುಗಳು ಹೊಲಗದ್ದೆಗಳಲ್ಲಿ ಹೂತಿದ್ದವು. ಉಳೋದಕ್ಕೇ ಭಯ! ಸರ್ಕಾರದ ಖರ್ಚಿನ ದೊಡ್ಡ ಪಾಲು ಹೊರದೇಶಗಳ ನೆರವಿನಿಂದ ನಡೆಯಬೇಕಿತ್ತು. ಹೀಗಿರುವಾಗ 1997ರ ಜುಲೈನಲ್ಲಿ ರಾಜಧಾನಿ ನಾಮ್ ಪೆನ್‌ನಲ್ಲಿ ಇಬ್ಬರ ಕಡೆಯ ಸೈನಿಕರೂ ಗುಂಡು ಹಾರಿಸಿ ಕಾದಾಡಿದರು. ರಣರಿದ್ಧರ ಪದವಿ ಹೋಯಿತು.

ಇದರ ಪೆಟ್ಟು ದೇಶಕ್ಕೇ ಬಿತ್ತು. ಅಮೆರಿಕ ಸರ್ಕಾರಕ್ಕೆ ಕೊಡುತ್ತಿದ್ದ ನೆರವು ನಿಲ್ಲಿಸಿತು. ಆ ವರ್ಷ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಖಾಲಿ ಉಳಿಯಿತು. ಅದೇ ವರ್ಷ ಆಸಿಯಾನ್ ಒಕ್ಕೂಟ ಸೇರಬೇಕಿದ್ದ ದೇಶ 1999ರ ಏಪ್ರಿಲ್ 30ರವರೆಗೆ ಕಾಯಬೇಕಾಯಿತು. 1998ರ ಚುನಾವಣೆಯ ನಂತರ ಹುನ್ ಸೆನ್ ಒಬ್ಬರೇ ಪ್ರಧಾನಿಯಾದರು. 2023ರಲ್ಲಿ ಆ ಪದವಿ ಅವರ ಮಗ ಹುನ್ ಮಾನೆತ್‌ಗೆ ಬಂತು.

ಇದರಿಂದ ನನಗೆ ತಿಳಿದದ್ದು ಇಷ್ಟು: ಓಟು ಹಾಕುವುದು ಅರ್ಧ ಕೆಲಸ ಮಾತ್ರ. ಸೋತವರು ಸುಮ್ಮನೆ ಎದ್ದು ಜಾಗ ಬಿಡುವುದು, ಸೈನ್ಯ ಯಾವ ಪಕ್ಷಕ್ಕೂ ಸೇರದೆ ಇರುವುದು ಇನ್ನರ್ಧ. ಹೆದರದೆ ಸಾಲಿನಲ್ಲಿ ನಿಂತ ಆ ಜನ ತಮ್ಮ ಅರ್ಧ ಮಾಡಿದ್ದರು. ಉಳಿದರ್ಧ ಮಾಡಬೇಕಾದವರು ಮಾಡಲಿಲ್ಲ.