ಆಟಗಾರನನ್ನು ಅರಸುವ ಕಣ್ಣು

2022ನೆಯ ಇಸವಿಯ ಆಗಸ್ಟ್ 26ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕಲಬುರಗಿಯ ಹಳೆಯ ಹೆಸರು ಮೊಳಗಿತು. ಮನೀಷ್ ಪಾಂಡೆಯವರ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ತಂಡವು ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 11 ರನ್ನುಗಳಿಂದ ಸೋಲಿಸಿ ಮಹಾರಾಜ ಟ್ರೋಫಿಯನ್ನು ಗೆದ್ದುಕೊಂಡಿತು. ಪಂದ್ಯಗಳೆಲ್ಲ ನಡೆದುದು ಮೈಸೂರು, ಬೆಂಗಳೂರುಗಳಲ್ಲಿ. ಹೆಸರು ಕೊಟ್ಟ ಊರಿನವರು ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿ ಹಿಗ್ಗಿದರು.

ಆ ವರ್ಷ ತಂಡಗಳು ಆಟಗಾರರನ್ನು ಹಂಚಿಕೊಂಡದ್ದು ‘ಡ್ರಾಫ್ಟ್’ ಎಂಬ ಪದ್ಧತಿಯಿಂದ. ಹರಾಜಿನಂತೆ ಇಲ್ಲಿ ಬೆಲೆ ಕೂಗುವುದಿಲ್ಲ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತವೆ. ಆದರೆ ಪಟ್ಟಿಯಲ್ಲಿ ಹೆಸರು ಇದ್ದರೆ ತಾನೆ ಆರಿಸುವುದು? ಆ ಹೆಸರನ್ನು ಮೊದಲು ಕಂಡು ಬರೆದುಕೊಂಡವರು ಯಾರು?

ಇದಕ್ಕೆ ಉತ್ತರ ಬೇಕಾದರೆ ಬಿಸಿಲಿನ ನಾಡಿನಿಂದ ಹಿಮದ ನಾಡಿಗೆ ಒಮ್ಮೆ ಹೋಗಿಬರಬೇಕು. ಐಸ್ ಹಾಕಿ ಉತ್ತರ ಅಮೆರಿಕದ ಅಚ್ಚುಮೆಚ್ಚಿನ ಆಟ. ಅಲ್ಲಿನ ನ್ಯಾಷನಲ್ ಹಾಕಿ ಲೀಗ್ ತನ್ನ ಮೊದಲ ಡ್ರಾಫ್ಟನ್ನು 1963ರ ಜೂನಿನಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆಸಿತು. ಆಗ ಆರು ತಂಡಗಳು ಸೇರಿ 21 ಹುಡುಗರನ್ನು ಆರಿಸಿಕೊಂಡವು. ಇಂದು 32 ತಂಡಗಳಿವೆ. ಏಳು ಸುತ್ತುಗಳಲ್ಲಿ ಇನ್ನೂರಕ್ಕೂ ಹೆಚ್ಚು ತರುಣರ ಆಯ್ಕೆಯಾಗುತ್ತದೆ. ಹಿಂದಿನ ವರ್ಷ ಸೋತು ಕೆಳಗಿಳಿದ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಬಲ್ಲಿದರೇ ಎಲ್ಲವನ್ನೂ ಬಾಚಿಕೊಳ್ಳಬಾರದೆಂಬುದು ಇದರ ಧರ್ಮ.

ನಮ್ಮಲ್ಲಿ ‘ಸ್ಕೌಟ್’ ಎಂದರೆ ಕೊರಳಿಗೆ ಸ್ಕಾರ್ಫ್ ಕಟ್ಟಿದ ಬಾಲಚರನ ನೆನಪಾಗುತ್ತದೆ. ಅಲ್ಲಿ ಅದೇ ಹೆಸರು ಆಟಗಾರರನ್ನು ಅರಸಿ ಊರೂರು ಅಲೆಯುವ ಪರೀಕ್ಷಕನಿಗೂ ಉಂಟು. ಹದಿನೇಳು ಹದಿನೆಂಟರ ಹುಡುಗನನ್ನು ನೋಡಿ, ಇಪ್ಪತ್ತೈದರಲ್ಲಿ ಅವನು ಏನಾದಾನೆಂದು ಹೇಳುವುದು ಅವನ ಕಸುಬು.

ಏನನ್ನು ನೋಡುತ್ತಾನೆ?

ಮುಂಚೂಣಿಯಲ್ಲಿ ಆಡುವ ಫಾರ್ವರ್ಡ್ ಹುಡುಗನೊಬ್ಬನಿದ್ದಾನೆಂದು ಇಟ್ಟುಕೊಳ್ಳಿ. ಅವನು ಎಷ್ಟು ಗೋಲು ಹೊಡೆದನೆಂಬುದು ಮರುದಿನದ ಪತ್ರಿಕೆಯಲ್ಲಿಯೇ ಬರುತ್ತದೆ. ಅದಕ್ಕಾಗಿ ಯಾರೂ ಚಳಿಯಲ್ಲಿ ಪ್ರಯಾಣ ಮಾಡಬೇಕಾಗಿಲ್ಲ. ಪರೀಕ್ಷಕನ ದೃಷ್ಟಿ ಬೇರೆ ಕಡೆ ಇರುತ್ತದೆ. ‘ಪಕ್’ ಎಂಬ ರಬ್ಬರಿನ ಬಿಲ್ಲೆ ತನ್ನ ಬಳಿ ಇಲ್ಲದಾಗ ಹುಡುಗ ಎಲ್ಲಿ ನಿಲ್ಲುತ್ತಾನೆ? ಬಿಲ್ಲೆ ಕೈಸೇರುವ ಮೊದಲೇ ತಲೆಯೆತ್ತಿ ಜೊತೆಗಾರರು ಎಲ್ಲಿರುವರೆಂದು ನೋಡಿಕೊಂಡಿದ್ದಾನೆಯೆ? ಎದುರಾಳಿ ಅದನ್ನು ಕಸಿದುಕೊಂಡರೆ ಕೈಚೆಲ್ಲಿ ನಿಲ್ಲುವನೋ, ಬೆನ್ನಟ್ಟಿ ಹಿಂದಕ್ಕೆ ಓಡಿಬರುವನೋ?

ಈ ಆಟದಲ್ಲಿ ಫಾರ್ವರ್ಡ್ ಒಂದು ಸಲಕ್ಕೆ ಆಡುವುದು ಮುಕ್ಕಾಲು ನಿಮಿಷದಷ್ಟು. ಬಳಿಕ ಬೆಂಚಿಗೆ ಬಂದು ಕುಳಿತು ತನ್ನ ಸರದಿಗಾಗಿ ಕಾಯುತ್ತಾನೆ. ಬುದ್ಧಿವಂತ ಪರೀಕ್ಷಕನು ಬೆಂಚಿನ ಮೇಲಿನ ಹುಡುಗನನ್ನೂ ಬಿಡುವುದಿಲ್ಲ. ಗುರು ಗದರಿದಾಗ ಮುಖ ಹೇಗಾಯಿತು, ಜೊತೆಗಾರ ಗೋಲು ಹೊಡೆದಾಗ ಎದ್ದು ನಿಂತನೆ, ತಂಡ ನಾಲ್ಕು ಗೋಲುಗಳಿಂದ ಸೋಲುತ್ತಿರುವಾಗಲೂ ಓಡಿದನೆ? ಒಂದು ದಿನದ ಆಟ ಮೋಸಮಾಡೀತೆಂದು ಅವನು ಮತ್ತೆ ಮತ್ತೆ ಬಂದು ನೋಡುತ್ತಾನೆ.

ಇಷ್ಟಾದರೂ ಕಣ್ಣು ತಪ್ಪುವುದುಂಟು. ರಷ್ಯದ ಪಾವೆಲ್ ದತ್ಸ್ಯುಕ್ ಸಣಕಲು ಹುಡುಗ. ಹಿಂದಿನ ವರ್ಷಗಳ ಡ್ರಾಫ್ಟುಗಳಲ್ಲಿ ಅವನನ್ನು ಯಾರೂ ಕೇಳಲಿಲ್ಲ. ಡೆಟ್ರಾಯಿಟ್ ತಂಡದ ಪರೀಕ್ಷಕ ಹೋಕನ್ ಆಂಡರ್ಸನ್ ರಷ್ಯಕ್ಕೆ ಹೋದದ್ದೂ ಬೇರೊಬ್ಬ ಆಟಗಾರನನ್ನು ನೋಡಲಿಕ್ಕೆ. ಅಲ್ಲಿ ಈ ಹುಡುಗನ ಕೈಚಳಕ ಅವರ ಕಣ್ಣಿಗೆ ಬಿತ್ತು. 1998ರಲ್ಲಿ, 170 ಮಂದಿಯ ಆಯ್ಕೆ ಮುಗಿದ ಮೇಲೆ, 171ನೆಯವನಾಗಿ ದತ್ಸ್ಯುಕ್ ಡೆಟ್ರಾಯಿಟ್ ಸೇರಿದ. 2002 ಮತ್ತು 2008ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡಗಳಲ್ಲಿ ಆತನಿದ್ದ. 2024ರಲ್ಲಿ ಹಾಕಿಯ ಕೀರ್ತಿಮಂದಿರವನ್ನೂ ಪ್ರವೇಶಿಸಿದ.

ನಮ್ಮ ನಾಡಿನ ಮಾತು

ಹುಲ್ಲಿನ ಹಾಕಿಗೆ ಬಂದರೆ, ಕರ್ನಾಟಕದ ಫಾರ್ವರ್ಡ್ ಆಟಗಾರರಲ್ಲಿ ಸೋಮವಾರಪೇಟೆಯ ಎಸ್. ವಿ. ಸುನಿಲ್ ಹೆಸರು ದೊಡ್ಡದು. ಮಿಂಚಿನ ಓಟದ ಆ ಆಟಗಾರ 2007ರ ಏಷ್ಯಾ ಕಪ್ಪಿನಲ್ಲಿ ಭಾರತದ ಪರವಾಗಿ ಕಣಕ್ಕಿಳಿದರು. ಲಂಡನ್ ಮತ್ತು ರಿಯೊ ಒಲಿಂಪಿಕ್ಸುಗಳಲ್ಲಿ ಆಡಿದರು. 2017ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಅವರ ಪ್ರತಿಭೆ ಅವರದೇ, ನಿಜ. ಆದರೆ ಬೆಳೆದದ್ದು ಕೊಡಗಿನಲ್ಲಿ ಎಂಬುದನ್ನು ಮರೆಯಬಾರದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಅಜ್ಜ ಮೊಮ್ಮಕ್ಕಳು ಒಂದೇ ತಂಡದಲ್ಲಿ ಆಡುವುದುಂಟು. ಅಂತಹ ನಾಡಿನಲ್ಲಿ ಮೈದಾನದ ಅಂಚಿನಲ್ಲಿ ನಿಂತ ಪ್ರತಿಯೊಬ್ಬ ಹಿರಿಯನೂ ಒಬ್ಬ ಪರೀಕ್ಷಕನೇ. ಹುಡುಗನ ಹೆಸರು ಬಾಯಿಂದ ಬಾಯಿಗೆ ತಾನಾಗಿ ಹಬ್ಬುತ್ತದೆ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ ಸಿಗುತ್ತದೆ. ಅಲ್ಲಿನ ಶಾಲೆಯ ಬಯಲಿನಲ್ಲಿ ಚೆನ್ನಾಗಿ ಆಡುವ ಹುಡುಗನೊಬ್ಬ ಮೊದಲು ಕಲಬುರಗಿಗೆ ಬರಬೇಕು. ಅಲ್ಲಿಂದ ಬೆಂಗಳೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಆಯ್ಕೆಯ ದಿನ ಅವನಿಗೆ ಸಿಗುವುದು ಕೆಲವೇ ನಿಮಿಷಗಳ ಆಟ. ನಿದ್ದೆಗೆಟ್ಟ ಕಾಲುಗಳು ಅಂದು ಸೋತರೆ ಅವನ ಹೆಸರಿನ ಮುಂದೆ ಗೀಟು ಬೀಳುತ್ತದೆ. ಹುಡುಗನೇ ಕಣ್ಣನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ಇದು. ಆಂಡರ್ಸನ್ ಮಾಡಿದ್ದು ಇದಕ್ಕೆ ತೀರ ವಿರುದ್ಧ.

ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು. ಬೇರೆ ಬಾಳೆ ವರ್ಷದ ಆಸುಪಾಸಿನಲ್ಲಿ ಕೊಯ್ಲಿಗೆ ಬಂದರೆ ಇದಕ್ಕೆ ಒಂದೂವರೆ ವರ್ಷ ಬೇಕು. ಪಕ್ಕದ ತೋಟದ ಗೊನೆ ಇಳಿಯಿತೆಂದು ಅಲ್ಲಿನ ರೈತ ತನ್ನ ಗಿಡವನ್ನು ಕಡಿಯುವುದಿಲ್ಲ. ನೀರು ಕಟ್ಟಿ ಕಾಯುತ್ತಾನೆ.

ಹದಿನಾರರಲ್ಲಿ ಆಯ್ಕೆಯಾಗದೆ ಸಪ್ಪೆಮುಖ ಹೊತ್ತು ಬಂದ ಮಗನಿಗೆ ತಂದೆತಾಯಿಗಳು ಇನ್ನೊಂದು ವರ್ಷದ ಅವಕಾಶ ಕೊಟ್ಟರೆ ನಷ್ಟವಿಲ್ಲ. ಓದಿನ ಜೊತೆಗೇ ಆಟವೂ ಸಾಗಲಿ. ಆಯ್ಕೆಗಾರರೂ ವರ್ಷಕ್ಕೆ ನಾಲ್ಕು ಸಲ ಕಮಲಾಪುರದಂತಹ ಊರುಗಳ ಮೈದಾನಕ್ಕೆ ಬಂದು, ಸೋಲುವ ತಂಡದ ಹುಡುಗರನ್ನೂ ನೋಡಿ ಹೋಗಲಿ. ಹಾಗೆ ಸಿಕ್ಕ ಒಬ್ಬ ಹುಡುಗ ಮುಂದೊಂದು ದಿನ ತನ್ನ ಊರಿನ ಹೆಸರು ಹೊತ್ತ ತಂಡದಲ್ಲಿ ಆಡುವುದನ್ನು ಕಲಬುರಗಿ ಕಂಡೀತು.